ಅಜ್ಜನ ಫಿಯೆಟ್ಟು ಮತ್ತು ಮಾಗಿಯ ಚಳಿ

ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನು ಕಾರ್ಬುರೇಟರಿನ ವಿಷಯವಾಗಿ ಲೇಖನ ಬರೆದು ತಂದಾಗ, ಈ ಸಂಚಿಕೆಯ ಸಂಪಾದಕರಾದ ನಮ್ಮ ಕನ್ನಡ ಅಧ್ಯಾಪಕರು ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. "ಪಾಲಿಟೆಕ್ನಿಕ್ಕಿಗೆ ಕೊಡಬೇಕಾದದ್ದನ್ನು ದಾರಿ ತಪ್ಪಿ ಇಲ್ಲಿಗೆ ತಂದೆಯೇನಪ್ಪಾ?" ಎಂದರು. ಆ ವಿದ್ಯಾರ್ಥಿ ನಾನೇ. ನನ್ನ ಸಮಾಧಾನವನ್ನು ಅವರಿಗೆ ಹೇಳಿದಂತೆಯೇ ವಾಚಕರಿಗೂ ಹೇಳಿಬಿಡುತ್ತೇನೆ. ಈ ಬರಹದಲ್ಲಿ ಕಾರ್ಬುರೇಟರು ಅರ್ಧ ಮಾತ್ರ. ಉಳಿದ ಅರ್ಧ ನಮ್ಮ ಅಜ್ಜಿ.

ನಮ್ಮ ಮನೆಯಲ್ಲಿ ಒಂದು ಮೋಟಾರಿದೆ. 1982ರ ಪ್ರೀಮಿಯರ್ ಪದ್ಮಿನಿ. ಮೂಡಿಗೆರೆಯ ಕಡೆಯ ತೋಟದವರೊಬ್ಬರಿಂದ ಅಜ್ಜ ಅದನ್ನು 1991ರಲ್ಲಿ ಕೊಂಡರು. ಹೆಸರು ಪದ್ಮಿನಿಯಾದರೂ ನಮ್ಮ ಕಡೆ ಎಲ್ಲರೂ ಅದನ್ನು ಫಿಯೆಟ್ಟೆಂದೇ ಕರೆಯುತ್ತಾರೆ. ಅದು ತಪ್ಪೂ ಅಲ್ಲ. ಬೊಂಬಾಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ತಯಾರಿಸುತ್ತಿದ್ದ ಇದು ಮೂಲತಃ ಇಟಲಿಯ ಫಿಯೆಟ್ 1100. ಪದ್ಮಿನಿ ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ. 1089 ಸಿ.ಸಿ.ಯ ಎಂಜಿನ್ನು, ನಾಲ್ಕು ಸಿಲಿಂಡರು, ಸ್ಟಿಯರಿಂಗಿನ ಪಕ್ಕದಲ್ಲಿ ಗೇರಿನ ಕಡ್ಡಿ, ಮುಂದೆ ಮಂಚದಂತಹ ಒಂದೇ ಸೀಟು. ಈ ಗಾಡಿಗಳ ತಯಾರಿಕೆ ನಿಂತು ಇಪ್ಪತ್ತು ವರ್ಷಗಳ ಮೇಲಾಯಿತು. ಮುಂಬಯಿಯಲ್ಲಿ ಕಪ್ಪು ಹಳದಿ ಬಣ್ಣ ತೊಟ್ಟು ಟ್ಯಾಕ್ಸಿಯಾಗಿ ದುಡಿಯುತ್ತಿದ್ದ ಕಟ್ಟಕಡೆಯ ಪದ್ಮಿನಿಯೂ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತಂತೆ. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ಅಜ್ಜ ನಮ್ಮ ಗಾಡಿಯನ್ನು ಎರಡು ಸಲ ಒರೆಸಿದರು.

ಮಧ್ಯಾಹ್ನದ ಹೊತ್ತು ಈ ಗಾಡಿಯಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ. ಕೀಲಿ ತಿರುಗಿಸಿದರೆ ಸಾಕು, ಎದ್ದು ನಿಲ್ಲುತ್ತದೆ. ಆದರೆ ನವೆಂಬರ್ ಕಳೆದು ಕಾಫಿ ಕೊಯ್ಲು ಶುರುವಾಗಿ, ಬೆಳಗಿನ ಮಂಜು ಅಂಗಳದಲ್ಲಿ ಹಸುವಿನಂತೆ ಮಲಗುವ ಕಾಲಕ್ಕೆ ಅದರ ಸ್ವಭಾವವೇ ಬೇರೆ. ಅಜ್ಜ ಚೋಕಿನ ಗುಂಡಿಯನ್ನು ಎಳೆಯುತ್ತಾರೆ. ಆಕ್ಸಿಲರೇಟರನ್ನು ಹತ್ತು ಸಲ, ಹಿಟ್ಟಿನ ಗಿರಣಿಯವನು ಪಟ್ಟಿ ತುಳಿಯುವಂತೆ, ತುಳಿಯುತ್ತಾರೆ. ಕೀಲಿ ತಿರುಗಿಸುತ್ತಾರೆ. ಎಂಜಿನ್ನು ನರಳುತ್ತದೆ, ಒಮ್ಮೆ ಸೀನುತ್ತದೆ, ಸುಮ್ಮನಾಗುತ್ತದೆ. ಮತ್ತೆ ತುಳಿತ, ಮತ್ತೆ ನರಳಾಟ. ಕೊನೆಗೆ ಪೆಟ್ರೋಲಿನ ವಾಸನೆ ಅಡಿಗೆಮನೆಗೂ ಬರುತ್ತದೆ. ಬ್ಯಾಟರಿ ಸೋಲುತ್ತದೆ. ಒಂಬತ್ತು ಗಂಟೆಯ ಬಿಸಿಲು ಬಂದ ಮೇಲೆ, ಏನೂ ನಡೆಯಲೇ ಇಲ್ಲವೆಂಬಂತೆ ಗಾಡಿ ಹೊರಡುತ್ತದೆ. ತಳ್ಳಿ ಸ್ಟಾರ್ಟ್ ಮಾಡೋಣವೆಂದರೆ ನಮ್ಮ ಮನೆಯಿರುವುದು ಕೊಳ್ಳದಲ್ಲಿ. ಎತ್ತ ತಳ್ಳಿದರೂ ಏರು.

ಇದನ್ನು ಹೀಗೆ ನಗುತ್ತ ಬರೆಯುವುದು ಸುಲಭ. 2021ರ ಡಿಸೆಂಬರಿನ ಒಂದು ಬೆಳಗಿನ ಜಾವ ನಾವು ಯಾರೂ ನಗಲಿಲ್ಲ. ನಾಲ್ಕು ಗಂಟೆಗೆ ಬೇಲೂರಿನಿಂದ ಫೋನು ಬಂತು. ಅಜ್ಜಿಯ ತಮ್ಮನಿಗೆ ಎದೆನೋವು ಬಂದಿದೆ, ಕಷ್ಟ, ಬೇಗ ಹೊರಟು ಬನ್ನಿ ಎಂದರು. ಅಜ್ಜಿ ಐದು ನಿಮಿಷದಲ್ಲಿ ಸೀರೆ ಬದಲಾಯಿಸಿ ಮುಂದಿನ ಸೀಟಿನಲ್ಲಿ ಬಂದು ಕುಳಿತಳು. ಅಜ್ಜ ಒಂದು ಗಂಟೆಯ ಕಾಲ ಹೆಣಗಿದರು. ಅಪ್ಪನೂ ನಾನೂ ಅಂಗಳದಲ್ಲಿ ಹಿಂದಕ್ಕೂ ಮುಂದಕ್ಕೂ ತಳ್ಳಿದೆವು. ಪಕ್ಕದ ತೋಟದವರ ಜೀಪು ಆ ವಾರ ಊರಲ್ಲಿರಲಿಲ್ಲ. ಬ್ಯಾಟರಿ 'ಟಕ್' ಎಂದು ಒಂದು ಸದ್ದು ಮಾಡಿ ನಿಂತಾಗ ಅಜ್ಜಿ ಇಳಿದು, ಸೆರಗು ಹೊದ್ದು, ಕತ್ತಲಲ್ಲೇ ರಸ್ತೆಯ ಕಡೆಗೆ ನಡೆದಳು. ಮೊದಲನೆಯ ಬಸ್ಸು ಹಿಡಿದು ನಾವು ಬೇಲೂರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದು ಒಂದು ಗಂಟೆಯಾಗಿತ್ತು. "ಅಕ್ಕ ಬಂದಳೇ" ಎಂದು ಕಡೆಯವರೆಗೂ ಕೇಳುತ್ತಿದ್ದರಂತೆ.

ಅಜ್ಜಿ ಈ ವಿಚಾರವಾಗಿ ಅಜ್ಜನಿಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಅಂದಿನಿಂದ ಅವಳು ಆ ಗಾಡಿಯಲ್ಲಿ ಕೂರುವುದನ್ನು ಬಿಟ್ಟಳು, ಅಷ್ಟೆ. ಮದುವೆಗೆ ಬಸ್ಸು, ಆಸ್ಪತ್ರೆಗೆ ಬಸ್ಸು, ದೇವಸ್ಥಾನಕ್ಕೆ ಅಪ್ಪನ ಸ್ಕೂಟರು. ಅಜ್ಜನಾದರೋ ಗಾಡಿಗೆ ಒಂದೊಂದಾಗಿ ಹೊಸ ಭಾಗಗಳನ್ನು ಹಾಕಿಸುತ್ತ ಹೋದರು. ಮೊದಲು ಬ್ಯಾಟರಿ. ಆಮೇಲೆ ನಾಲ್ಕೂ ಪ್ಲಗ್ಗು. ಆಮೇಲೆ ಪಾಯಿಂಟು, ಕಂಡೆನ್ಸರು. ಮರುವರ್ಷ ಕಾಯಿಲು. 2024ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಾಗ ಪೆಟ್ರೋಲ್ ಪಂಪಿನ ಡಯಾಫ್ರಮ್ಮು ಮತ್ತು ರಬ್ಬರಿನ ಪೈಪುಗಳು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೂ ಎಥನಾಲ್ ಬೆರೆಸುತ್ತಾರೆ, ಅದರಿಂದಲೇ ಈ ರೋಗ ಎಂದು ಮೆಕ್ಯಾನಿಕ್ಕು ಹೇಳಿದ್ದನು. ಅವನ ಮಾತು ಪೂರ್ತಿ ಸುಳ್ಳೇನಲ್ಲ. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಹೆಚ್ಚು ಶಾಖ ಬೇಡುತ್ತದೆ, ಹಳೆಯ ಕಾಲದ ರಬ್ಬರನ್ನು ಹಾಳು ಮಾಡುವುದೂ ಉಂಟು. ಆದರೆ 2021ರಲ್ಲಿ ಎಥನಾಲಿನ ಪಾಲು ಇದಕ್ಕಿಂತ ಬಹಳ ಕಡಮೆಯಿತ್ತು, ಕಾಯಿಲೆ ಮಾತ್ರ ಇಷ್ಟೇ ಇತ್ತು. ಕೊನೆಗೆ 2024ರ ಡಿಸೆಂಬರಿನಲ್ಲಿ ಅಪ್ಪ ಊಟಕ್ಕೆ ಕುಳಿತಾಗ ಹೇಳಿಬಿಟ್ಟರು: "ಸಂಕ್ರಾಂತಿಯೊಳಗೆ ಇದು ಬೆಳಿಗ್ಗೆ ತಾನಾಗಿ ಸ್ಟಾರ್ಟ್ ಆಗದಿದ್ದರೆ ಗುಜರಿಗೆ." ಅಜ್ಜ ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದರು.

ನಾನು ರಜೆಗೆ ಮನೆಗೆ ಬಂದದ್ದು ಆ ವಾರ. ನನಗೆ ಮೋಟಾರಿನ ವಿದ್ಯೆ ಏನೂ ತಿಳಿಯದು. ಆದರೆ ಅಜ್ಜನ ಪೆಟ್ಟಿಗೆಯಲ್ಲಿ ಗಾಡಿಯ ಜೊತೆಗೇ ಬಂದಿದ್ದ ಕೈಪಿಡಿಯೊಂದಿತ್ತು. ಪರೀಕ್ಷೆಗೆ ಓದುವುದನ್ನು ಬಿಟ್ಟು ಬೇರೆ ಏನನ್ನಾದರೂ ಓದಲು ನನಗೆ ಯಾವಾಗಲೂ ಉತ್ಸಾಹ. ಅದನ್ನೂ, ಸಿಕ್ಕಿದ ಇನ್ನೊಂದೆರಡು ಪುಸ್ತಕಗಳನ್ನೂ ಎರಡು ರಾತ್ರಿ ಓದಿದೆ.

ತಿಳಿದುಕೊಂಡದ್ದನ್ನು ಚುಟುಕಾಗಿ ಹೇಳುತ್ತೇನೆ. ವಿಜ್ಞಾನದ ಮಿತ್ರರು ತಪ್ಪಿದ್ದರೆ ತಿದ್ದಿಕೊಳ್ಳಲಿ. ಎಂಜಿನ್ನಿನಲ್ಲಿ ಉರಿಯುವುದು ಪೆಟ್ರೋಲಲ್ಲ, ಪೆಟ್ರೋಲಿನ ಆವಿ. ಬಿಸಿಯಾದ ಎಂಜಿನ್ನಿಗೆ ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ಹದಿನೈದು ಪಾಲು ಗಾಳಿ ಸಾಕು. ಚಳಿಯಲ್ಲಿ ಹಾಗಲ್ಲ. ಪೆಟ್ರೋಲಿನ ಹಗುರವಾದ ಅಂಶ ಮಾತ್ರ ಆವಿಯಾಗುತ್ತದೆ. ಮಿಕ್ಕದ್ದು ತಣ್ಣಗಿನ ಮ್ಯಾನಿಫೋಲ್ಡಿನ ಗೋಡೆಗೆ ಇಬ್ಬನಿಯಂತೆ ಅಂಟಿ ಕೂರುತ್ತದೆ. ಆದ್ದರಿಂದ ಉರಿಯುವಷ್ಟು ಆವಿ ಒಳಗೆ ಹೋಗಬೇಕಾದರೆ ಮೊದಲಿಗೆ ಕೆಲವು ಪಾಲು ಹೆಚ್ಚಾಗಿಯೇ ಪೆಟ್ರೋಲು ಕೊಡಬೇಕು. ಸಾಲದ್ದಕ್ಕೆ ಚಳಿಯಲ್ಲಿ ಎಂಜಿನ್ ಎಣ್ಣೆ ಗಟ್ಟಿ, ಬ್ಯಾಟರಿ ನಿಶ್ಶಕ್ತ. ಸ್ಟಾರ್ಟರು ಇದ್ದ ಶಕ್ತಿಯನ್ನೆಲ್ಲ ತಾನೇ ನುಂಗುವುದರಿಂದ, ಒಳ್ಳೆಯ ಕಿಡಿ ಬೇಕಾದ ಗಳಿಗೆಯಲ್ಲೇ ಪ್ಲಗ್ಗಿಗೆ ಸಿಗುವುದು ಬಡ ಕಿಡಿ.

ಈ ಹೆಚ್ಚಿನ ಪೆಟ್ರೋಲು ಕೊಡುವುದೇ ಚೋಕಿನ ಕೆಲಸ. ನಮ್ಮ ಗಾಡಿಯದು ಸೋಲೆಕ್ಸ್ ಕಾರ್ಬುರೇಟರು. ಅದರಲ್ಲಿ ಗಾಳಿಯ ಬಾಯಿ ಮುಚ್ಚುವ ತಗಡಿಲ್ಲ. ದೊಡ್ಡ ಕಾರ್ಬುರೇಟರಿನ ಪಕ್ಕೆಯಲ್ಲಿ ಇನ್ನೊಂದು ಪುಟ್ಟ ಕಾರ್ಬುರೇಟರೇ ಅಡಗಿದೆ, ಚಳಿಯಲ್ಲಿ ಸ್ಟಾರ್ಟ್ ಮಾಡುವುದಕ್ಕೆಂದೇ. ಗುಂಡಿ ಎಳೆದರೆ ತಂತಿ ಒಂದು ಸನ್ನೆಯನ್ನು ತಿರುಗಿಸುತ್ತದೆ, ಸನ್ನೆ ಒಂದು ಬಿಲ್ಲೆಯನ್ನು ತಿರುಗಿಸುತ್ತದೆ, ಆ ಪುಟ್ಟ ದಾರಿ ತೆರೆದುಕೊಳ್ಳುತ್ತದೆ. ಎಂಜಿನ್ನು ಅದರ ಮೂಲಕ ಪೆಟ್ರೋಲನ್ನು ಹೀರಬೇಕು. ಹೀರಬೇಕಾದರೆ ಮುಖ್ಯ ಬಾಗಿಲಾದ ಥ್ರಾಟಲ್ ಮುಚ್ಚಿರಬೇಕು. ಎಂದರೆ, ಆಕ್ಸಿಲರೇಟರನ್ನು ಮುಟ್ಟಲೇಬಾರದು! ತುಳಿದರೆ ಥ್ರಾಟಲ್ ತೆರೆದು ಹೀರುವ ಬಲ ಕುಗ್ಗುತ್ತದೆ. ಎಳನೀರಿನ ಕೊಳವೆಗೆ ನಡುವೆ ತೂತು ಬಿದ್ದಂತೆ. ಇದನ್ನು ಓದಿದಾಗ ನಾನು ಹಾಸಿಗೆಯ ಮೇಲೆ ಎದ್ದು ಕುಳಿತೆ. ನಮ್ಮ ಅಜ್ಜನ ಬಲಗಾಲು ವರ್ಷಗಟ್ಟಲೆ ಮಾಡುತ್ತ ಬಂದದ್ದು ಇದನ್ನೇ ಅಲ್ಲವೆ?

ಆದರೆ ಇಷ್ಟರಿಂದ ಉತ್ತರ ಸಿಗಲಿಲ್ಲ. ಅಜ್ಜ ಚಿಕ್ಕಮಗಳೂರಿಗೆ ಹೋಗಿ ಅಲ್ಲೇ ತಂಗಿದ್ದ ಒಂದು ದಿನ, ಬೆಳಗಿನ ಆರು ಗಂಟೆಗೆ, ದೇವರ ಪಟದ ಪಕ್ಕದ ಮೊಳೆಯಿಂದ ಕೀಲಿ ತೆಗೆದುಕೊಂಡು ನಾನೇ ಗಾಡಿಯಲ್ಲಿ ಕುಳಿತೆ. ಗುಂಡಿಯನ್ನು ಪೂರ್ತಿ ಎಳೆದೆ. ಪೆಡಲಿನ ಮೇಲೆ ಕಾಲಿಡಲಿಲ್ಲ. ಐದಾರು ಸೆಕೆಂಡಿನಂತೆ ಮೂರು ಸಲ, ನಡುವೆ ಬ್ಯಾಟರಿಗೆ ಬಿಡುವು ಕೊಟ್ಟು, ತಿರುಗಿಸಿದೆ. ಊಹೂಂ, ಸೀನು ಸಹ ಇಲ್ಲ.

ಒಂದು ಪ್ಲಗ್ಗನ್ನು ಬಿಚ್ಚಿ ನೋಡಿದೆ. ಇಂಥ ಸಮಯದಲ್ಲಿ ಪ್ಲಗ್ಗೇ ಸಾಕ್ಷಿ. ಅದು ಪೆಟ್ರೋಲಿನಲ್ಲಿ ನೆನೆದು ನಾರುತ್ತಿದ್ದರೆ ಕೊಟ್ಟದ್ದು ಹೆಚ್ಚಾಗಿದೆ ಅಥವಾ ಕಿಡಿಯಿಲ್ಲ. ಒಣಗಿದ್ದರೆ ಪೆಟ್ರೋಲೇ ಬಂದಿಲ್ಲ. ನಮ್ಮದು ಬೇಸಿಗೆಯ ಕೆರೆಯಂತೆ ಒಣಗಿತ್ತು. ಕಿಡಿಯ ಬಗ್ಗೆ ಅನುಮಾನವಿರಲಿಲ್ಲ. ಎರಡು ದಿನದ ಹಿಂದಿನ ಸಂಜೆಗತ್ತಲಲ್ಲಿ ಅಜ್ಜ ಕೀಲಿ ತಿರುಗಿಸುತ್ತಿದ್ದಾಗ, ಪ್ಲಗ್ಗನ್ನು ಎಂಜಿನ್ನಿನ ಮೈಗೆ ತಾಗಿಸಿ ನೀಲಿ ಕಿಡಿ ಹಾರುವುದನ್ನು ನಾನೇ ನೋಡಿದ್ದೆ. ಹಾಗಾದರೆ ಕಾರ್ಬುರೇಟರಿನ ತೊಟ್ಟಿಯಲ್ಲಿ ಪೆಟ್ರೋಲಿಲ್ಲವೆ? ಗಾಡಿ ವಾರಗಟ್ಟಲೆ ನಿಂತಿದ್ದರೆ ತೊಟ್ಟಿಯದು ಆವಿಯಾಗಿ ಹೋಗುವುದುಂಟು. ಪಂಪಿನ ಕೆಳಗಿನ ಪುಟ್ಟ ಸನ್ನೆಯನ್ನು ಕೈಯಿಂದ ಒತ್ತಿ ತುಂಬಿಸಿದೆ. ಏರ್ ಕ್ಲೀನರನ್ನು ತೆಗೆದು, ಟಾರ್ಚು ಬಿಟ್ಟು, ಥ್ರಾಟಲನ್ನು ಕೈಯಿಂದ ಒಮ್ಮೆ ಅಲುಗಿಸಿದೆ. ಗಂಟಲೊಳಗೆ ಪೆಟ್ರೋಲು ಚಿಮ್ಮಿತು. ತೊಟ್ಟಿ ತುಂಬಿದೆ, ಕಿಡಿ ಇದೆ, ಗುಂಡಿ ಎಳೆದಿದೆ, ಆದರೂ ಪ್ಲಗ್ಗು ಒಣ.

ಅಜ್ಜಿ ಹಿಂಬಾಗಿಲಿನಿಂದ ಕಾಫಿಯ ಲೋಟ ಹಿಡಿದು ಬಂದಳು.

"ಚಳೀಲಿ ಅದರ ಹತ್ರ ಏನ್ ಮಾಡ್ತೀಯೋ? ಕಾಫಿ ಆರತ್ತೆ."

"ಅಜ್ಜಿ, ಸ್ವಲ್ಪ ಈ ಗುಂಡಿ ಎಳೀತೀಯಾ? ನಾನು ಬಾನೆಟ್ಟಿನ ಕಡೆಯಿಂದ ನೋಡ್ಬೇಕು."

"ನಾನು ಅದರೊಳಗೆ ಕೂರಲ್ಲ."

"ಕೂರ್ಬೇಡ. ಹೊರಗೇ ನಿಂತ್ಕೊಂಡು ಕೈ ಹಾಕಿ ಎಳಿ."

ಅವಳು ಲೋಟವನ್ನು ಗಾಡಿಯ ತಲೆಯ ಮೇಲಿಟ್ಟಳು. ಬಾಗಿಲನ್ನೂ ತೆರೆಯಲಿಲ್ಲ; ಕಿಟಕಿಯಿಂದ ಕೈ ತೂರಿಸಿ, ಹಾವಿನ ಹುತ್ತಕ್ಕೆ ಕೈ ಹಾಕಿದವಳಂತೆ ಗುಂಡಿಯನ್ನು ಹಿಡಿದಳು.

"ಎಳಿ ಅಜ್ಜಿ."

"ಎಳ್ದೆ."

"ಎಳಿ!"

"ಎಳ್ದಾಯ್ತಲ್ಲೋ! ಇನ್ನೂ ಎಳೆದ್ರೆ ಕಿತ್ತು ಕೈಗೆ ಬರತ್ತೆ."

ಕಾರ್ಬುರೇಟರಿನ ಮೇಲಿನ ಸನ್ನೆ ಎಳ್ಳಷ್ಟೂ ಅಲುಗಿರಲಿಲ್ಲ. ಅಲುಗಿದ್ದು ತಂತಿಯ ಹೊರಗವಸು. ಸೈಕಲ್ಲಿನ ಬ್ರೇಕ್ ವೈರನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಹೊರಗವಸನ್ನು ಗಟ್ಟಿಯಾಗಿ ಒಂದು ಕಡೆ ಹಿಡಿದಿಟ್ಟರೆ ಮಾತ್ರ ಒಳಗಿನ ತಂತಿ ಜಾರಿ ಕೆಲಸ ಮಾಡುತ್ತದೆ. ನಮ್ಮ ಗಾಡಿಯಲ್ಲಿ ಗವಸನ್ನು ಹಿಡಿದಿಡುವ ಕ್ಲಿಪ್ಪು ಎಂದೋ ಕಳಚಿ ಬಿದ್ದಿತ್ತು. ಅಜ್ಜಿ ಎಳೆದಾಗಲೆಲ್ಲ ತಂತಿಯೂ ಗವಸೂ ಒಟ್ಟಿಗೆ ಬಳುಕುತ್ತಿದ್ದವು. ಸನ್ನೆಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ನಮ್ಮ ಇತಿಹಾಸದ ಅಧ್ಯಾಪಕರು ತರಗತಿಯಲ್ಲಿ, ಶಾಸನವನ್ನು ನೋಡದೆ ಶಾಸನದ ವಿಷಯವಾಗಿ ಬರೆದವರನ್ನು ನಂಬಿ ಉತ್ತರ ಬರೆಯಬೇಡಿ ಎಂದು ಗದರಿಸುತ್ತಾರೆ. ನಾವೆಲ್ಲರೂ ಮೂರು ವರ್ಷ ಗುಂಡಿಯನ್ನು ನಂಬಿದ್ದೆವು. ಅಜ್ಜ ಪೆಡಲು ತುಳಿಯುವ ಅಭ್ಯಾಸ ಹಿಡಿದದ್ದೂ ಹೀಗೇ ಇರಬೇಕು. ಚೋಕು ಕೊಡದ ಪೆಟ್ರೋಲನ್ನು ಪೆಡಲಿನ ಪಂಪು ಅಷ್ಟಿಷ್ಟು ಚಿಮ್ಮಿ ಕೊಡುತ್ತಿತ್ತು. ಎಳೆಬಿಸಿಲಿಗೆ ಅದು ಸಾಕಾಗುತ್ತಿತ್ತು. ಡಿಸೆಂಬರಿನ ನಾಲ್ಕು ಗಂಟೆಗೆ ಮೊದಲು ಸಾಲದೆ, ಆಮೇಲೆ ತುಳಿದು ತುಳಿದು ಪ್ಲಗ್ಗು ಮುಳುಗುವಷ್ಟಾಗುತ್ತಿತ್ತು.

ಸನ್ನೆಯನ್ನು ಬೆರಳಿನಿಂದ ಕೊನೆಯವರೆಗೂ ತಿರುಗಿಸಿ, ಪ್ಲಗ್ಗನ್ನು ಸೇರಿಸಿ, ಬಂದು ಕೀಲಿ ತಿರುಗಿಸಿದೆ. ಎರಡನೆಯ ಸುತ್ತಿಗೆ ಎಂಜಿನ್ನು ಎದ್ದಿತು. ಮಂಜಿನಲ್ಲಿ ಹೊಗೆ ಸೇರಿ ಅಂಗಳವೆಲ್ಲ ಬೆಳ್ಳಗಾಯಿತು. ಗಾಡಿಯ ತಲೆಯ ಮೇಲಿನ ಕಾಫಿಯ ಲೋಟ ನಡುಗುತ್ತ ಅಂಚಿಗೆ ಸರಿಯಿತು. ಅಜ್ಜಿ ಅದನ್ನು ಹಿಡಿದುಕೊಂಡಳು. ನಾನು ಕುಣಿಯುವುದೊಂದು ಬಾಕಿ. ಅಜ್ಜಿ ಮಾತ್ರ ಬಾನೆಟ್ಟಿನ ಹತ್ತಿರ ಬಂದು ನಿಂತಳು.

"ಏನಾಗಿತ್ತು?"

ತೋರಿಸಿದೆ.

"ಇಷ್ಟೇನಾ?"

"ಇಷ್ಟೇ ಅಜ್ಜಿ. ಒಂದು ಕ್ಲಿಪ್ಪು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅವತ್ತೂ ಇದೇ ಆಗಿತ್ತಾ?"

ಅವತ್ತು ಎಂದರೆ ಯಾವತ್ತು ಎಂದು ನಾನು ಕೇಳಬೇಕಾಗಿರಲಿಲ್ಲ. ಕ್ಲಿಪ್ಪು ಬಿದ್ದದ್ದು ಯಾವಾಗ ಎಂಬುದಕ್ಕೆ ಸಾಕ್ಷಿಯಿಲ್ಲ. "ಗೊತ್ತಿಲ್ಲ ಅಜ್ಜಿ" ಎಂದೆ. ನಿಜವನ್ನೇ ಹೇಳಿದೆನಾದರೂ ಅವಳ ಮುಖ ನೋಡಿ ಹೇಳಲಾಗಲಿಲ್ಲ.

ಎಂಜಿನ್ನು ಓಡುತ್ತಲೇ ಇತ್ತು. ಅಜ್ಜಿ ಆರಿದ ಕಾಫಿಯನ್ನು ನನ್ನ ಕೈಗೆ ಕೊಟ್ಟಳು. "ನಿಮ್ಮಜ್ಜನಿಗೆ ಕ್ಲಿಪ್ಪು ಅಂತ ಹೇಳ್ಬೇಡ" ಎಂದಳು. "ಒಳಗೆ ಏನೋ ದೊಡ್ಡದೇ ಕೆಟ್ಟಿತ್ತು ಅನ್ನು."

ಹಾರ್ಡ್‌ವೇರ್ ಅಂಗಡಿಯಲ್ಲಿ ಕ್ಲಿಪ್ಪಿಗೆ ಹತ್ತು ರೂಪಾಯಿ ಆಯಿತು. ಗವಸನ್ನು ಬಿಗಿದು, ಗುಂಡಿ ಪೂರ್ತಿ ಒಳಗಿದ್ದಾಗ ಸನ್ನೆಯೂ ಪೂರ್ತಿ ಹಿಂದಿದೆಯೇ ಎಂದು ನೋಡಿಕೊಂಡೆ. ಅದು ಅರೆತೆರೆದು ನಿಂತರೆ ಬಿಸಿಯಾದ ಮೇಲೂ ಹೆಚ್ಚಿನ ಪೆಟ್ರೋಲು ಹೋಗಿ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಸಿಲಿಂಡರಿನ ಗೋಡೆಯ ಎಣ್ಣೆ ತೊಳೆದುಹೋಗುತ್ತದೆ. ಅಜ್ಜ ಬಂದಾಗ, ಕಾರ್ಬುರೇಟರಿನ ಒಳದಾರಿ ಕಟ್ಟಿಕೊಂಡಿತ್ತು, ಬಹಳ ಸೂಕ್ಷ್ಮದ ಕೆಲಸ, ಹೇಗೋ ಬಿಡಿಸಿದೆ ಎಂದು ಸುಳ್ಳು ಹೇಳಿದೆ. ನಾನು ಅಷ್ಟು ಜಾಣನೆಂದು ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ನಿಜವಾದ ಕಷ್ಟ ಆಮೇಲೆ. ಕ್ಲಿಪ್ಪು ಹಾಕುವುದು ಸುಲಭ, ಅಜ್ಜನ ಬಲಗಾಲನ್ನು ಹಿಡಿದಿಡುವುದು ಸುಲಭವಲ್ಲ. "ಅಜ್ಜ, ತುಳೀಬೇಡಿ" ಎನ್ನುತ್ತಿದ್ದಂತೆಯೇ ಕಾಲು ತಾನಾಗಿ ಪೆಡಲಿಗೆ ಹೋಗುತ್ತಿತ್ತು. "ನಾನು ಗಾಡಿ ಬಿಡೋಕೆ ಶುರುಮಾಡಿದಾಗ ನಿಮ್ಮಪ್ಪ ಇನ್ನೂ ಚಡ್ಡಿ ಹಾಕ್ತಿದ್ದ" ಎಂದರು. ಕೊನೆಗೆ ಮೂರನೆಯ ಬೆಳಿಗ್ಗೆ, ನನ್ನ ಮೇಲಿನ ಸಿಟ್ಟಿಗೋ ಏನೋ, ಎರಡು ಕಾಲನ್ನೂ ಎತ್ತಿ ಸೀಟಿನ ಮೇಲೆ ಚಕ್ಕಂಬಕ್ಕಲು ಹಾಕಿ, ಪೂಜೆಗೆ ಕುಳಿತವರಂತೆ ಕುಳಿತು ಕೀಲಿ ತಿರುಗಿಸಿದರು. ಗಾಡಿ ಒಂದೇ ಸಲಕ್ಕೆ ಎದ್ದಿತು. ಅಜ್ಜ ಹಾಗೇ ಕುಳಿತಿದ್ದರು, ಎಷ್ಟೋ ಹೊತ್ತು. ಎಂಜಿನ್ನು ಹಿಡಿದುಕೊಂಡ ಮೇಲೆ ಗುಂಡಿಯನ್ನು ಅರ್ಧ ಒಳಗೆ ತಳ್ಳಬೇಕು, ಒಂದೆರಡು ಮೈಲಿ ಹೋದ ಮೇಲೆ ಪೂರ್ತಿ ತಳ್ಳಬೇಕು ಎಂದು ನಾನು ಕಿಟಕಿಯ ಬಳಿ ನಿಂತು ದೊಡ್ಡ ದನಿಯಲ್ಲಿ ಪಾಠ ಹೇಳಿದೆ. ಅಜ್ಜಿ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು.

ಸಂಕ್ರಾಂತಿ ಕಳೆಯಿತು. ಅಪ್ಪ ಗುಜರಿಯ ಮಾತೆತ್ತಲಿಲ್ಲ. ಹಬ್ಬದ ಸಂಜೆ ಅಜ್ಜ ಬಾನೆಟ್ಟು ಎತ್ತಿ ಎಂಜಿನ್ನು ಒರೆಸುತ್ತಿದ್ದರು. ನಾನು ಎಳ್ಳು ಬೆಲ್ಲ ತೆಗೆದುಕೊಂಡು ಹೋದೆ. ಅವರ ಬೆರಳು ಆ ಕ್ಲಿಪ್ಪಿನ ಮೇಲಿತ್ತು. ಸುತ್ತಲಿನ ಹಳೆಯ ಕಬ್ಬಿಣದ ನಡುವೆ ಅದೊಂದೇ ಮೂಗುಬೊಟ್ಟಿನಂತೆ ಹೊಳೆಯುತ್ತಿತ್ತು. ಇದನ್ನು ನಾನು ಮೊದಲೇ ಯೋಚಿಸಿ ಸ್ವಲ್ಪ ಮಸಿ ಬಳಿಯಬೇಕಾಗಿತ್ತು.

"ಇದು ಹೊಸದಲ್ವಾ?" ಎಂದರು.

"ಹೌದಜ್ಜ."

"ಮೊದಲು ಇರಲಿಲ್ಲ."

"ಇಲ್ಲ."

ಅವರು ಇನ್ನೇನೂ ಕೇಳಲಿಲ್ಲ. ಬಟ್ಟೆಯಿಂದ ಅದನ್ನು ಒರೆಸಿ ಬಾನೆಟ್ಟನ್ನು ಮೆಲ್ಲಗೆ ಇಳಿಸಿದರು. ಆ ಬಾನೆಟ್ಟು ಬಡಿದು ಮುಚ್ಚದಿದ್ದರೆ ಕೂರುವುದಿಲ್ಲ; ಅದು ಅವರಿಗೂ ಗೊತ್ತು. ಆದರೂ ಹಾಗೇ ಬಿಟ್ಟು ಒಳಗೆ ಹೋದರು. ನಾನೇ ಬಡಿದು ಮುಚ್ಚಿದೆ.

2025ರ ಫೆಬ್ರವರಿಯಲ್ಲಿ ಬೇಲೂರಿನಲ್ಲಿ ಅಜ್ಜಿಯ ತಮ್ಮನ ಮಗಳ ಮದುವೆ. ಮುಹೂರ್ತ ಬೆಳಿಗ್ಗೆ ಎಂಟಕ್ಕಿತ್ತು. ಮೊದಲನೆಯ ಬಸ್ಸಿಗೆ ಹೋದರೂ ಧಾರೆಗೆ ಸಿಗುವುದಿಲ್ಲ. ಹಿಂದಿನ ದಿನವೇ ಹೋಗಿಬಿಡೋಣ ಎಂದು ಅಮ್ಮ ಹೇಳಿದ್ದಕ್ಕೆ ಅಜ್ಜಿ ಹೌದೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಐದು ಗಂಟೆಗೆ ಅಜ್ಜ ಗಾಡಿಯಲ್ಲಿ ಕುಳಿತಿದ್ದರು. ಮಂಜಿನಲ್ಲಿ ದೀಪದ ಬೆಳಕು ಎರಡು ಮಾರು ಸಹ ಹೋಗುತ್ತಿರಲಿಲ್ಲ. ಕೀಲಿ ತಿರುಗಿಸುವ ಮೊದಲು ಅವರು ಒಮ್ಮೆ ಬಾಗಿಲ ಕಡೆ ನೋಡಿದರು. ಗಾಡಿ ಎದ್ದಿತು. ಅಪ್ಪ, ಅಮ್ಮ, ನಾನು ಹಿಂದೆ ಹತ್ತಿದೆವು.

ಅಜ್ಜಿ ರೇಷ್ಮೆ ಸೀರೆಯ ಮೇಲೆ ಅಜ್ಜನ ಹಳೆಯ ಶಾಲು ಹೊದ್ದು, ಮೈಸೂರು ಪಾಕಿನ ಡಬ್ಬ ಹಿಡಿದು ಬಂದಳು. ಬಾಗಿಲು ತೆರೆದು ಮುಂದಿನ ಸೀಟಿನಲ್ಲಿ ಕುಳಿತು, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡಳು. ಯಾರೂ ಮಾತಾಡಲಿಲ್ಲ. ಅಜ್ಜ ಎರಡು ಕೈಯಲ್ಲೂ ಸ್ಟಿಯರಿಂಗ್ ಹಿಡಿದು ಎದುರಿನ ಮಂಜನ್ನೇ ನೋಡುತ್ತಿದ್ದರು. ಗೇರು ಹಾಕುವುದನ್ನೇ ಮರೆತಂತಿತ್ತು. ಎಂಜಿನ್ನು ಒಂದೇ ಸಮನೆ ಜೋರಾಗಿ ಓಡುತ್ತಿತ್ತು.

"ಅರ್ಧ ಒಳಗೆ ಹಾಕ್ಬೇಕಂತಲ್ಲ, ಹುಡುಗ ಹೇಳಿದ್ನಲ್ಲ" ಎಂದು ಅಜ್ಜಿ ತಾನೇ ಕೈಚಾಚಿ ಗುಂಡಿಯನ್ನು ತಳ್ಳಿದಳು. ಸದ್ದು ಇಳಿಯಿತು. "ನಿಮ್ಮ ಕಡೆ ಗಾಜು ಏರಿಸಿ. ಚಳಿ" ಎಂದಳು. ಅಜ್ಜ ಗಾಜು ಏರಿಸಿದರು.